ಮೊದಲ ಗಿರಾಕಿ ಸರ್ಕಾರವೇ ಆಗಬೇಕು

ಕಳೆದ ವಾರ ಮಂಡ್ಯದ ನಮ್ಮ ಮನೆಗೆ ಬಂದ ಅಕ್ಕನ ಮಗ ಚೀಲದಿಂದ ಒಂದು ಪೆಟ್ಟಿಗೆ ತೆಗೆದು ಜಗಲಿಯ ಮೇಲಿಟ್ಟ. ಗೆಳೆಯನೊಂದಿಗೆ ಎರಡು ವರ್ಷ ದುಡಿದು ಮಾಡಿದ್ದು. ಉಪನಾಲೆಯ ತೂಬಿನ ಬಳಿ ಕೂರಿಸಿದರೆ ನೀರಿನ ಮಟ್ಟ ಅಳೆದು ರೈತರ ಮೊಬೈಲ್‌ಗೆ ಸಂದೇಶ ಕಳುಹಿಸುತ್ತದೆ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿ ಗದ್ದೆ ಇರುವವರಿಗೆ ಇದರ ಬೆಲೆ ಗೊತ್ತು. ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನೀರು ಹರಿಸುವಾಗ, ಸರದಿ ಬಂತೋ ಇಲ್ಲವೋ ಎಂದು ನಡುರಾತ್ರಿ ಟಾರ್ಚ್ ಹಿಡಿದು ನಾಲೆ ಏರಿಯ ಮೇಲೆ ನಡೆದ ಅಪ್ಪನ ಹಿಂದೆ ನಾನೂ ಎಷ್ಟೋ ಸಲ ನಡೆದಿದ್ದೇನೆ.

"ಮಾವ, ಬಹುಮಾನ ಬಂತು, ಚಪ್ಪಾಳೆ ಬಂತು. ಕೊಳ್ಳುವವರು ಮಾತ್ರ ಬರಲಿಲ್ಲ" ಎಂದ.

ಕೊಳ್ಳಬೇಕಾದವರು ಯಾರು? ನಾಲೆಯೂ ಸರ್ಕಾರದ್ದು, ತೂಬೂ ಸರ್ಕಾರದ್ದು. ಅವನು ಹೋದ ಕಚೇರಿಯಲ್ಲಿ ಮೂರು ವರ್ಷದ ವಹಿವಾಟಿನ ಲೆಕ್ಕ ಕೇಳಿದರಂತೆ. ಒಂದೂ ಪೆಟ್ಟಿಗೆ ಮಾರದ ಹುಡುಗ ಅದನ್ನು ಎಲ್ಲಿಂದ ತರಬೇಕು?

ರಾಜ್ಯ ಕೈಕಟ್ಟಿ ಕುಳಿತಿಲ್ಲ. 2015ರಲ್ಲೇ ನವೋದ್ಯಮ (ಸ್ಟಾರ್ಟ್‌ಅಪ್) ನೀತಿ ಬಂತು. 'ಎಲಿವೇಟ್' ಯೋಜನೆಯಲ್ಲಿ ಆಯ್ಕೆಯಾದವರಿಗೆ 50 ಲಕ್ಷ ರೂಪಾಯಿವರೆಗೆ ಅನುದಾನವಿದೆ. 'ಬಿಯಾಂಡ್ ಬೆಂಗಳೂರು' ಎಂದು ಮೈಸೂರು, ಮಂಗಳೂರು, ಹುಬ್ಬಳ್ಳಿಗಳ ಕಡೆಗೂ ಕಣ್ಣು ಹರಿದಿದೆ. ಇವೆಲ್ಲ ಬೇಕು, ನನಗೆ ಸಂತೋಷವೇ. ಆದರೆ ಅನುದಾನ ಖರ್ಚಾಗಿ ಮುಗಿಯುತ್ತದೆ. ಉದ್ಯಮವನ್ನು ಉಳಿಸುವುದು ಖರೀದಿ ಆದೇಶ.

ಇದು ನಮ್ಮ ಜಿಲ್ಲೆಗೆ ಹೊಸ ಪಾಠವಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿದಾಗ ತಂತಿ ಮೊದಲು ಹೋದದ್ದು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಕೊಳ್ಳುವ ಗಣಿ ಕಂಪನಿಗಳೊಂದಿಗೆ ಮೊದಲೇ ಒಪ್ಪಂದವಾಗಿದ್ದರಿಂದ ಮೈಸೂರು ಸಂಸ್ಥಾನಕ್ಕೆ ಅಷ್ಟು ದೊಡ್ಡ ಸಾಹಸಕ್ಕೆ ಧೈರ್ಯ ಬಂತು.

ನವೋದ್ಯಮಗಳಿಗೆ ಹಿಂದಿನ ವಹಿವಾಟು, ಅನುಭವದ ಷರತ್ತು ಸಡಿಲಿಸಲು ಕೇಂದ್ರದ ಖರೀದಿ ನಿಯಮಗಳಲ್ಲೇ ಅವಕಾಶವಿದೆ. ಆದರೆ ಅದನ್ನು ಬಳಸಲು ಕೆಳಗಿನ ಅಧಿಕಾರಿಗೆ ಆಡಿಟ್ ಭಯ. ಅವರನ್ನು ನಾನು ದೂರುವುದಿಲ್ಲ, ನಾಳೆ ಪೆಟ್ಟಿಗೆ ಕೆಟ್ಟರೆ ಉತ್ತರ ಕೊಡಬೇಕಾದವರು ಅವರೇ. ಹಾಗಾಗಿ ಪ್ರಾಯೋಗಿಕ ಖರೀದಿಗೆಂದೇ ಪ್ರತಿ ಇಲಾಖೆಗೂ ಸಣ್ಣ ಮೊತ್ತವೊಂದನ್ನು ಮೀಸಲಿಟ್ಟು, ಪ್ರಯೋಗ ವಿಫಲವಾದರೂ ಸಹಿ ಹಾಕಿದವರ ತಲೆಗೆ ಬಾರದಂತೆ ಮೇಲಿನಿಂದ ಲಿಖಿತ ಆದೇಶ ಬರಲಿ. ಹತ್ತು ತೂಬು, ಒಂದು ಮುಂಗಾರು ಬೆಳೆ. ಅಷ್ಟು ಸಾಕು. ಲೆಕ್ಕ ಸರಿ ಬಂತೇ ಎಂದು ತೂಬಿನ ನೀರು ಬಿಡುವ ನೀರುಗಂಟಿಗಳೂ ರೈತರೂ ಹೇಳುತ್ತಾರೆ.

ಪೆಟ್ಟಿಗೆಯನ್ನು ಸದ್ಯಕ್ಕೆ ನಮ್ಮ ಗದ್ದೆಯ ಹೊಲಗಾಲುವೆಯಲ್ಲಿ ಕೂರಿಸಿದ್ದೇವೆ. ನಮ್ಮ ಭಾಗದ ನೀರಾವರಿ ಎಂಜಿನಿಯರುಗಳು ಇದನ್ನು ಓದುತ್ತಿದ್ದರೆ ದಯವಿಟ್ಟು ಒಮ್ಮೆ ಬಂದು ನೋಡಿ. ಹುಡುಗ ಭಾನುವಾರದವರೆಗೆ ಇಲ್ಲೇ ಇರುತ್ತಾನೆ.