ಇಎಂಐ ಕಟ್ಟೋಕಿಂತ ಮೊದಲ ಹಳೇ ಲ್ಯಾಪ್‌ಟಾಪಿನ ತಳಾ ಬಿಚ್ಚಿ ನೋಡ್ರಿ

ಕಾಲೇಜು ಪ್ರವೇಶದ ಸಮಯ ಬಂತೆಂದರೆ ನಮ್ಮ ಬಾಗಲಕೋಟೆ ಕಡೆಯ ಮನೆಗಳಲ್ಲಿ ಫೀಸಿನ ಜೊತೆಗೆ ಇನ್ನೊಂದು ಖರ್ಚಿನ ಮಾತು ಏಳುತ್ತದೆ. ಹುಡುಗನಿಗೆ ಲ್ಯಾಪ್‌ಟಾಪ್ ಬೇಕು. ಅಣ್ಣನದೊಂದು ಮನೆಯಲ್ಲೇ ಇದೆ. "ಅದು ಭಾಳ ಸ್ಲೋ ಆಗೇತ್ರಿ ಸರ್, ಹೊಸಾದ ತಗೋತೀವಿ" ಅನ್ನುತ್ತಾರೆ. ಕಬ್ಬಿನ ಬಿಲ್ಲು ಇನ್ನೂ ಕೈಗೆ ಬಂದಿರುವುದಿಲ್ಲ, ಹಾಗಾಗಿ ಇಎಂಐ.

ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ಕೆಲಸ ಮಾಡುವ ನನಗೆ ಇದನ್ನು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಬಹಳಷ್ಟು ಸಲ ಸವೆದಿರುವುದು ಒಳಗಿನ ಒಂದೆರಡು ಭಾಗ ಮಾತ್ರ. ಕುಂಟೆಯ ಕುಡ ಸವೆದರೆ ಕಂಬಾರನ ಹತ್ತಿರ ಒಯ್ಯುವ ಮಂದಿ ನಾವು, ಇಡೀ ಕುಂಟೆಯನ್ನು ಹೊರಗೆ ಎಸೆಯುವುದಿಲ್ಲ.

ಹಾರ್ಡ್ ಡಿಸ್ಕನ್ನೇ ನೋಡಿ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ ಇರುವುದು ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕ್. ಒಂದೊಂದು ಫೈಲಿಗೂ ಮಾಹಿತಿ ಓದುವ ಅದರ ಹೆಡ್ ತಟ್ಟೆಯ ಮೇಲೆ ಸರಿದು ಜಾಗ ಹುಡುಕಬೇಕು, ಪ್ರತಿ ಸಲ ಹತ್ತು ಮಿಲಿಸೆಕೆಂಡಿಗೂ ಹೆಚ್ಚು ಹೊತ್ತು. ವಿಂಡೋಸ್ ಶುರುವಾಗುವಾಗ ಇಂಥ ಚಿಕ್ಕ ಫೈಲುಗಳು ಸಾವಿರಗಟ್ಟಲೆ. ತಿರುಗುವ ತಟ್ಟೆಯ ಬದಲು ಚಿಪ್‌ನಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಯಲ್ಲಿ ಸರಿಯುವ ಹೆಡ್ಡೇ ಇಲ್ಲ, ಅದೇ ಕೆಲಸ ಸುಮಾರು ನೂರು ಪಟ್ಟು ಬೇಗ ಆಗುತ್ತದೆ. 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಳೇ ಡಿಸ್ಕಿನ ಜಾಗದಲ್ಲೇ ಕೂರುತ್ತದೆ. ಡಿವಿಡಿ ಡ್ರೈವ್ ಇದ್ದರೆ ಅದನ್ನು ತೆಗೆದು, ಕ್ಯಾಡಿ (ಡಿಸ್ಕ್ ಕೂರಿಸುವ ಚೌಕಟ್ಟು) ಹಾಕಿ, ಹಳೇ ಡಿಸ್ಕನ್ನು ಅಲ್ಲಿ ಉಳಿಸಿಕೊಳ್ಳಬಹುದು. ಕ್ಯಾಡಿ 9.5 ಮತ್ತು 12.7 ಮಿಲಿಮೀಟರ್ ಎರಡು ದಪ್ಪದಲ್ಲಿ ಬರುತ್ತದೆ, ಅಳೆದು ತರಿಸಿ.

ಜೊತೆಗೆ ರ‍್ಯಾಮ್ 8 ಜಿಬಿ ಆದರೆ ಓದುವ ಹುಡುಗರಿಗೆ ಸಾಕು. ಡಿಡಿಆರ್3 ಎಂಬ ಬಗೆಯ ರ‍್ಯಾಮ್ ನಡೆಯುವುದು 1.5 ವೋಲ್ಟ್‌ನಲ್ಲಿ, ಡಿಡಿಆರ್3ಎಲ್ 1.35ರಲ್ಲಿ. ಇಂಟೆಲ್‌ನ 4ನೇ ತಲೆಮಾರಿನ ಲ್ಯಾಪ್‌ಟಾಪಿಗೆ 'ಎಲ್' ಇರುವುದೇ ಬೇಕು.

ಇನ್ನು ನಮ್ಮ ಊರಿನದೇ ಆದ ಕಾಯಿಲೆ: ಧೂಳು ಮತ್ತು ಬಿಸಿಲು. ಏಪ್ರಿಲ್, ಮೇನಲ್ಲಿ ಹೊರಗೆ 40 ಡಿಗ್ರಿ ದಾಟಿರುತ್ತದೆ. ಫ್ಯಾನ್ ಮತ್ತು ಬಿಸಿ ಹೊರಹಾಕುವ ಹೀಟ್‌ಸಿಂಕ್ ನಡುವೆ ವರ್ಷಾನುಗಟ್ಟಲೆ ಕೂತ ಧೂಳು ಕಂಬಳಿಯಂತೆ ಗಟ್ಟಿಯಾಗಿರುತ್ತದೆ. ಪ್ರೊಸೆಸರ್ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಬಿರುಕು ಬಿಟ್ಟಿರುತ್ತದೆ. 100 ಡಿಗ್ರಿಯ ಹತ್ತಿರ ಬಂದ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ, ನಾವು ಅದನ್ನು "ಮುದಿ ಆತು" ಅನ್ನುತ್ತೇವೆ! ಹೊರಗಿನಿಂದ ಬ್ಲೋವರ್ ಹಿಡಿದರೆ ಆ ಪದರ ಕದಲುವುದಿಲ್ಲ. ಫ್ಯಾನ್ ಬಿಚ್ಚಿ ಕೈಯಿಂದ ತೆಗೆಯಬೇಕು, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಹಳೇ ಪೇಸ್ಟ್ ಒರೆಸಿ ಹೊಸದು ಹಚ್ಚಬೇಕು. ಪೇಟೆಯ ಒಂದು ಅಂಗಡಿಯಲ್ಲಿ "ಬೋರ್ಡ್ ಹೋಗೇತಿ" ಎನಿಸಿಕೊಂಡು ಬಂದಿದ್ದ ವಿದ್ಯಾರ್ಥಿನಿಯೊಬ್ಬಳ ಲ್ಯಾಪ್‌ಟಾಪ್ ಇಷ್ಟರಿಂದಲೇ ಸರಿಹೋಯಿತು. ಮನೆಯಲ್ಲಿ ಹೊಸದಕ್ಕೆ ಸಾಲ ಮಾಡುವ ಮಾತು ಆಗಲೇ ನಡೆದಿತ್ತು.

ಹಳೇ ಯಂತ್ರ ಎಷ್ಟು ದೂರ ಬರಬಲ್ಲದು ಎನ್ನುವುದಕ್ಕೆ ನನಗೆ ಇಷ್ಟವಾದ ಉದಾಹರಣೆ ಲೆನೊವೊ ಕಂಪನಿಯ 2013ರ ಥಿಂಕ್‌ಪ್ಯಾಡ್ ಟಿ440ಪಿ. ಅದರ ಪ್ರೊಸೆಸರ್ ಸಾಕೆಟ್‌ನಲ್ಲಿ ಕೂತಿದೆ, ಎರಡು ಕೋರಿನದನ್ನು ಎತ್ತಿ ನಾಲ್ಕು ಕೋರಿನ ಐ7 ಇಡಬಹುದು. ಮಂಕು ಪರದೆ ತೆಗೆದು ಫುಲ್ ಎಚ್‌ಡಿ ಐಪಿಎಸ್ ಪರದೆ ಹಾಕಬಹುದು. ಬಟನ್ ಇಲ್ಲದ ಅದರ ಟಚ್‌ಪ್ಯಾಡ್ ಬೇಡವೆಂದವರು ಟಿ450ಯ ಮೂರು ಬಟನ್ನಿನದನ್ನು ಕೂರಿಸುತ್ತಾರೆ. ವೈಫೈ ಕಾರ್ಡ್ ಬದಲಿಸುವಾಗ ಮಾತ್ರ ಎಚ್ಚರ, ಕಂಪನಿ ಒಪ್ಪಿದ ಪಟ್ಟಿಯಲ್ಲಿ ಇಲ್ಲದ ಕಾರ್ಡನ್ನು ಅದರ ಬಯಾಸ್ (ಯಂತ್ರ ಶುರುಮಾಡುವ ಮೂಲ ತಂತ್ರಾಂಶ) ಒಳಗೆ ಬಿಡುವುದಿಲ್ಲ. ದುಡ್ಡು ಕೊಟ್ಟು ಕೊಂಡವನಿಗೆ ಇಂಥ ಬೀಗ ಹಾಕುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಇಂಟೆಲ್‌ನ 5ನೇ ತಲೆಮಾರಿನಿಂದ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳು ಬೋರ್ಡಿಗೇ ಬೆಸುಗೆಯಾಗಿ ಬರತೊಡಗಿದವು. ಇಂದಿನ ಎಷ್ಟೋ ಅಗ್ಗದ ಮಾಡೆಲ್‌ಗಳಲ್ಲಿ ರ‍್ಯಾಮ್ ಕೂಡ ಬೆಸುಗೆ, ಡಿಸ್ಕಿನ ಜಾಗದಲ್ಲಿ ಬದಲಿಸಲಾಗದ ಇಎಂಎಂಸಿ ಚಿಪ್. ಸಾಲ ತೀರುವ ಮುಂಚೆಯೇ 4 ಜಿಬಿ ಸಾಲದಾದರೆ ಆ ಹುಡುಗ ಏನು ಮಾಡಬೇಕು?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ಚಿಪ್, ಇಂಟೆಲ್ ಆದರೆ ಬಹುಪಾಲು 8ನೇ ತಲೆಮಾರಿನ ನಂತರದ್ದು. ಇದಕ್ಕೆ ಹೆದರಿ ಒಳ್ಳೆಯ ಯಂತ್ರ ಗುಜರಿಗೆ ಹಾಕಬೇಡಿ. ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿ. ಸಿ, ಪೈಥಾನ್, ಆಫೀಸ್ ಕೆಲಸ ಎಲ್ಲ ನಡೆಯುತ್ತದೆ, ಕನ್ನಡದ ಕಗಪ ಕೀಲಿಮಣೆಯೂ ಅದರಲ್ಲೇ ಇದೆ. ಆಟೋಕ್ಯಾಡ್ ಬೇಕಾದ ಸಿವಿಲ್, ಮೆಕ್ಯಾನಿಕಲ್ ಹುಡುಗರಿಗೆ ಇದು ಸಾಲದು, ಅವರಿಗೆ ವಿಂಡೋಸ್ ಬೇಕೇ ಬೇಕು.

ಎಲ್ಲವನ್ನೂ ಉಳಿಸಬೇಕೆಂಬ ಹಟ ನನಗಿಲ್ಲ. 2 ಜಿಬಿಯ ಆಟಂ ಪ್ರೊಸೆಸರಿನ ಪುಟ್ಟ ನೆಟ್‌ಬುಕ್‌ಗೆ ದುಡ್ಡು ಸುರಿಯಬೇಡಿ. ಬ್ಯಾಟರಿ ಉಬ್ಬಿದ್ದರೆ ಅವತ್ತೇ ಬಳಕೆ ನಿಲ್ಲಿಸಿ, ಚುಚ್ಚಬೇಡಿ, ಒಳಗಿನ ಸೆಲ್ ಬದಲಿಸುವ ಸಾಹಸಕ್ಕೆ ಮನೆಯಲ್ಲಿ ಕೈ ಹಾಕಬೇಡಿ.

ಬಾಗಲಕೋಟೆ, ಜಮಖಂಡಿ, ಮುಧೋಳ ಕಡೆಯವರು ಯಾರಾದರೂ ಹೊಸದು ಕೊಳ್ಳುವ ಯೋಚನೆಯಲ್ಲಿದ್ದರೆ ಮೊದಲು ಹಳೆಯದರ ತಳದಲ್ಲಿರುವ ಮಾಡೆಲ್ ನಂಬರ್ ಕಾಮೆಂಟಿನಲ್ಲಿ ಹಾಕಿ, ಸೀರಿಯಲ್ ನಂಬರ್ ಬೇಡ. ಯಾವ ರ‍್ಯಾಮ್ ಹಿಡಿಸುತ್ತದೆ, ಯಾವ ಎಸ್‌ಎಸ್‌ಡಿ ಕೂರುತ್ತದೆ ಎಂದು ನೋಡಿ ಹೇಳುತ್ತೇನೆ. ಉಳಿಯುವಂಥದ್ದು ಅಲ್ಲದಿದ್ದರೆ ಅದನ್ನೂ ಹೇಳುತ್ತೇನೆ.