ಮೇಲಿನ ಹಿಮ ಕರಗಿದರೆ ಕೆಳಗಿನ ಕಲ್ಲೂ ಕರಗುತ್ತದೆ

ಐಸ್‌ಲ್ಯಾಂಡ್‌ನಲ್ಲಿ ಲಾವಾ ಉಕ್ಕಿದ ವಿಡಿಯೊ ಬಂದರೆ ಸಾಕು, ಒಬ್ಬರು "ನೋಡಿ, ಭೂಮಿ ಬಿಸಿಯಾಗಿದ್ದಕ್ಕೇ ಇದೆಲ್ಲ" ಅನ್ನುತ್ತಾರೆ. ಇನ್ನೊಬ್ಬರು "ಸುಮ್ನೆ ಎಲ್ಲದಕ್ಕೂ ಹವಾಮಾನ ಅಂತೀರಾ, ಹಿಮಕ್ಕೂ ಬೆಂಕಿಗೂ ಎಲ್ಲಿಯ ಸಂಬಂಧ" ಅಂತ ನಗುತ್ತಾರೆ. ಇಬ್ಬರ ಮೇಲೂ ನನಗೆ ತಕರಾರಿದೆ. ನಗುವವರ ಮೇಲೆ ಸ್ವಲ್ಪ ಜಾಸ್ತಿ, ಯಾಕೆಂದರೆ ಸಂಬಂಧ ಇದೆ.

ನೆಲದಾಳದ ಮ್ಯಾಂಟಲ್ ಅಂದರೆ ಕುದಿಯುವ ಲಾವಾದ ಕಡಲು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅಲ್ಲ, ಅದು ಗಟ್ಟಿ ಕಲ್ಲು. ಸಾವಿರ ಡಿಗ್ರಿಗಿಂತ ಜಾಸ್ತಿ ಕಾದಿದ್ದರೂ ಮೇಲಿನ ಭಾರ ಅದನ್ನು ಕರಗಲು ಬಿಡುವುದಿಲ್ಲ. ಒತ್ತಡ ಇಳಿದರೆ ಒಂದು ಡಿಗ್ರಿ ಕಾವೂ ಏರದೆ ಕರಗಲು ಶುರುವಾಗುತ್ತದೆ. ಒಂದು ಕಿಲೋಮೀಟರ್ ದಪ್ಪದ ಹಿಮ ಅಂದರೆ ಪ್ರತಿ ಚದರ ಮೀಟರ್ ನೆಲದ ಮೇಲೆ ಸುಮಾರು 900 ಟನ್ ಭಾರ. ಹಿಂದಿನ ಹಿಮಯುಗದಲ್ಲಿ ಇಡೀ ಐಸ್‌ಲ್ಯಾಂಡ್ ಇಂಥ ಹೊರೆ ಹೊತ್ತು ಕೂತಿತ್ತು. ಆ ಹಿಮಯುಗ ಮುಗಿಯುತ್ತಾ ಹೊರೆ ಇಳಿದ ಮೇಲೆ, ಅಲ್ಲಿನ ಕೆಲವು ವಲಯಗಳಲ್ಲಿ ಲಾವಾ ಈಗಿನದಕ್ಕಿಂತ ಸುಮಾರು 30 ಪಟ್ಟು ಹೆಚ್ಚು ಹರಿಯಿತು.

ಅಷ್ಟು ಹಳೆಯದು ಹೇಗೆ ಗೊತ್ತಾಯಿತು ಅಂತೀರಾ? ಬೆಟ್ಟದ ಆಕಾರವೇ ಹೇಳುತ್ತದೆ. ಹಿಮದ ಅಡಿಯಲ್ಲಿ ಉಕ್ಕಿದ ಲಾವಾ ತಕ್ಷಣ ತಣಿದು ಗಾಜಿನ ಚೂರಾಗಿ, ಅಲ್ಲೇ ಕಡಿದಾದ ಗುಡ್ಡೆಯಾಗಿ ನಿಲ್ಲುತ್ತದೆ. ಹಿಮ ಇಲ್ಲದ ಕಡೆ ಅದೇ ಲಾವಾ ಚಾಪೆ ಹಾಸಿದ ಹಾಗೆ ಹರಡಿಕೊಳ್ಳುತ್ತದೆ. ನೋಡಲು ಬಂದವರು ಇದನ್ನೆಲ್ಲ ಬಿಟ್ಟು ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ, ಇರಲಿ.

ಈಗಿನ ಕಥೆಗೆ ಬರೋಣ. ವಾತ್ನಾಯೋಕುಲ್ ಹಿಮರಾಶಿ ಕರಗುತ್ತಿದ್ದ ಹಾಗೆ ಅದರ ಅಂಚಿನ ನೆಲ ಮೇಲೇಳುತ್ತಿದೆ. ಕೆಲವು ಕಡೆ ವರ್ಷಕ್ಕೆ ಸುಮಾರು 3 ಸೆಂಟಿಮೀಟರ್, ಬಂಡೆಗೆ ಕೂರಿಸಿದ ಜಿಪಿಎಸ್ ಅದನ್ನು ಅಳೆಯುತ್ತಲೇ ಇದೆ. ಅದೇ ಹಿಮದ ಕೆಳಗೆ ಗ್ರೀಮ್ಸ್‌ವೋತ್ನ್ ಎಂಬ ಜ್ವಾಲಾಮುಖಿ, ಅದರ ಬಾಯಲ್ಲಿ ಒಂದು ಸರೋವರ. 2004ರ ಅಕ್ಟೋಬರ್ ಕೊನೆಗೆ ಸರೋವರದ ನೀರು ಹಿಮದ ಅಡಿಯಿಂದ ಹೊರಗೆ ನುಗ್ಗಿತು, ಭಾರ ಇಳಿಯಿತು, ನವೆಂಬರ್ 1ಕ್ಕೆ ಜ್ವಾಲಾಮುಖಿ ಸಿಡಿಯಿತು. ಆದರೆ ಅಲ್ಲಿ ಶಿಲಾರಸ ಮೊದಲೇ ತುಂಬಿ ಕಾಯುತ್ತಿತ್ತು, ಅದನ್ನು ಮರೆಯಬೇಡಿ. ಬರೀ ಭಾರ ಇಳಿದ ಮಾತ್ರಕ್ಕೆ ಖಾಲಿ ಬೆಟ್ಟ ಸಿಡಿಯುವುದಿಲ್ಲ. ಆಳದಲ್ಲಿ ಈಗ ಹೊಸದಾಗಿ ಕರಗುತ್ತಿರುವುದು ಮೇಲೆ ಬರಲು ನೂರಾರು ವರ್ಷ ಬೇಕಾಗಬಹುದು.

ಮೊದಲನೆಯವರ ಮೇಲಿನ ತಕರಾರು ಇದೇ. ಅವರು ತೋರಿಸುವ ವಿಡಿಯೊ ಸಾಮಾನ್ಯವಾಗಿ ಐಸ್‌ಲ್ಯಾಂಡ್‌ನ ನೈಋತ್ಯ ತುದಿಯ ರೇಕ್ಯಾನೆಸ್‌ನದು. ಸುಮಾರು 800 ವರ್ಷ ಸುಮ್ಮನಿದ್ದು 2021ರಲ್ಲಿ ಎದ್ದ ಜಾಗ ಅದು, ಅಲ್ಲಿ ಹಿಮನದಿಯೇ ಇಲ್ಲ! ಇನ್ನು "ಜ್ವಾಲಾಮುಖಿಗಳೇ ನಮಗಿಂತ ಜಾಸ್ತಿ ಹೊಗೆ ಬಿಡುತ್ತವೆ" ಎನ್ನುವವರಿಗೆ ಒಂದೇ ಸಾಲು: ವರ್ಷಕ್ಕೆ ಅವು ಬಿಡುವ ಇಂಗಾಲದ ಡೈಆಕ್ಸೈಡ್ ಮನುಷ್ಯರು ಬಿಡುವುದರ ನೂರರಲ್ಲಿ ಒಂದು ಪಾಲೂ ಇಲ್ಲ.

ನನಗೆ ಲಾವಾಕ್ಕಿಂತ ನೀರಿನ ಭಯವೇ ಹೆಚ್ಚು. 1985ರಲ್ಲಿ ಕೊಲಂಬಿಯಾದ ನೆವಾಡೊ ಡೆಲ್ ರೂಯಿಸ್ ಸಿಡಿದದ್ದು ದೊಡ್ಡದಾಗೇನೂ ಅಲ್ಲ. ತಲೆಯ ಮೇಲಿನ ಹಿಮ ಒಂದಿಷ್ಟು ಕರಗಿ, ಕೆಸರಾಗಿ ಇಳಿದು ಆರ್ಮೆರೊ ಪಟ್ಟಣವನ್ನೇ ಮುಚ್ಚಿತು, ಸುಮಾರು 23,000 ಜನ ಸತ್ತರು. ಹಾಗಾದರೆ ಹಿಮವೇ ಇಲ್ಲದಿದ್ದರೆ ಒಳ್ಳೆಯದಲ್ವಾ? ಆ ಒಂದು ಅಪಾಯದ ಮಟ್ಟಿಗೆ ಹೌದು, ಒಪ್ಪುತ್ತೇನೆ.

1996ರಲ್ಲಿ ವಾತ್ನಾಯೋಕುಲ್ ಅಡಿಯಲ್ಲಿ ಜ್ವಾಲಾಮುಖಿ ಸಿಡಿದಾಗ ಕರಗಿದ ನೀರು ಐದು ವಾರ ಒಳಗೇ ತುಂಬಿಕೊಂಡು, ಆಮೇಲೆ ಮನೆ ಗಾತ್ರದ ಹಿಮಗಡ್ಡೆಗಳನ್ನು ಹೊತ್ತು ಬಂತು. ದಾರಿಯಲ್ಲಿದ್ದ ಒಂದು ಸೇತುವೆಯ ಉಕ್ಕಿನ ತೊಲೆಗಳು ತಂತಿಯ ಹಾಗೆ ತಿರುಚಿಕೊಂಡವು. ಈಗಲೂ ರಸ್ತೆ ಬದಿಯಲ್ಲಿ ಇಟ್ಟಿದ್ದಾರೆ. ಪಕ್ಕದ ಸ್ಕೇಯ್ದರಾ ನದಿಯ ಉದ್ದದ ಸೇತುವೆಯನ್ನು ರಿಪೇರಿ ಮಾಡಿದರು. ಆಮೇಲೆ ಹಿಮನದಿ ಹಿಂದೆ ಸರಿಯಿತು, 2009ರಲ್ಲಿ ನದಿಯೇ ದಾರಿ ಬದಲಿಸಿ ಪಶ್ಚಿಮದ ಇನ್ನೊಂದು ಹೊಳೆಗೆ ಸೇರಿಕೊಂಡಿತು. ಮುಕ್ಕಾಲು ಕಿಲೋಮೀಟರ್‌ಗೂ ಉದ್ದದ ಆ ಸೇತುವೆ ಒಣ ಮರಳಿನ ಮೇಲೆ ನಿಂತಿತ್ತು.