ಆ ಬಯಲು ಖಾಲಿ ಇಲ್ಲ

ಜೂನ್ 5ರ ಪರಿಸರ ದಿನ ಹತ್ತಿರ ಬಂತೆಂದರೆ ಬಯಲುಸೀಮೆಯ ಗೋಮಾಳಗಳಲ್ಲಿ ಗುಂಡಿ ತೋಡುವ ಕೆಲಸ ಶುರುವಾಗುತ್ತದೆ. "ಸುಮ್ನೆ ಬಿದ್ದಿರೋ ಜಾಗ, ನಾಲ್ಕು ಗಿಡ ನೆಟ್ರೆ ಒಳ್ಳೇದಲ್ವಾ?" ಅನ್ನುತ್ತಾರೆ. ನೆಡುವವರ ಮನಸ್ಸು ಒಳ್ಳೆಯದೇ. ಆದರೆ ಅಲ್ಲಿ ಈಗಾಗಲೇ ಸಂಸಾರ ಹೂಡಿದವರಿದ್ದಾರೆ.

ಬಿಸಿಲೇರುವ ಹೊತ್ತಿಗೆ ಕುರುಚಲು ಗಿಡಗಳ ನಡುವೆ ಸ್ವಲ್ಪ ಹೊತ್ತು ಅಲ್ಲಾಡದೆ ಕೂತು ನೋಡಿ. ಪೊದೆಯ ಬುಡದಿಂದ ಬೆರಳುದ್ದದ ಹಲ್ಲಿಯೊಂದು ಸರಕ್ಕನೆ ಓಡಿ ಬಂದು ಗಕ್ಕನೆ ನಿಲ್ಲುತ್ತದೆ. ಕಂದು ಬೆನ್ನು. ಪಕ್ಕೆಯುದ್ದಕ್ಕೂ ಕಪ್ಪು ಪಟ್ಟೆ, ಪಟ್ಟೆಯ ಅಂಚಿಗೆ ಕೆನೆಬಣ್ಣದ ಗೆರೆ. ಮೈಗಿಂತ ಉದ್ದದ ಬಾಲಕ್ಕೆ ಕೆಂಪು ಛಾಯೆ. ಎಷ್ಟು ಚಂದ ಅಂತೀರಿ! ಜಾಸ್ತಿ ಜನ ಇದನ್ನು ಹಾವುರಾಣಿ ಮರಿ ಅಂದುಕೊಳ್ಳುತ್ತಾರೆ. ಹಾವುರಾಣಿಯ ಮೈ ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ. ಇದಕ್ಕೆ ಆ ಹೊಳಪಿಲ್ಲ, ಬೆನ್ನಿನ ಹುರುಪೆಗಳು ದೊರಗು. ಕಣ್ಣು ಮಿಟುಕಿಸುವುದೂ ಇಲ್ಲ. ರೆಪ್ಪೆಗಳು ಒಂದಕ್ಕೊಂದು ಕೂಡಿಕೊಂಡು ಹಾವಿಗಿರುವಂಥ ಪಾರದರ್ಶಕ ಪೊರೆಯಾಗಿವೆ. ಅದಕ್ಕೇ ಇಂಗ್ಲಿಷಿನಲ್ಲಿ ಇದು 'ಸ್ನೇಕ್ ಐ', ಅಂದರೆ ಹಾವುಗಣ್ಣಿನ ಹಲ್ಲಿ. ಫ್ರೆಂಚ್ ಸಸ್ಯತಜ್ಞ ಲೆಷೆನಾಲ್ಟ್ ಹೆಸರನ್ನು ಜೋಡಿಸಿ 1829ರಲ್ಲೇ ಇದನ್ನು ವಿಜ್ಞಾನದ ದಾಖಲೆಗೆ ಸೇರಿಸಿದ್ದಾರೆ.

ಇದರ ಬದುಕು ನಡೆಯೋದೇ ಬಿಸಿಲಿನ ಮೇಲೆ. ಮೈ ಕಾಯಿಸಿಕೊಳ್ಳದೆ ಹುಳ ಹಿಡಿಯುವ ಚುರುಕು ಬರುವುದಿಲ್ಲ. ಬಿಸಿ ಜಾಸ್ತಿಯಾದರೆ ತಕ್ಷಣ ನುಸುಳಲು ಪೊದೆ ಬೇಕು. ಬರಿನೆಲ, ಕಲ್ಲು, ಹುಲ್ಲು, ಪೊದೆ, ಎಲ್ಲವೂ ನಾಲ್ಕು ಹೆಜ್ಜೆಯೊಳಗೆ ಇರುವುದು ಕುರುಚಲು ಬಯಲಿನಲ್ಲೇ. ಅಲ್ಲಿ ಅಕೇಶಿಯಾ, ನೀಲಗಿರಿ ಒತ್ತೊತ್ತಾಗಿ ಬೆಳೆದರೆ ನೆಲಕ್ಕೆ ಬಿಸಿಲು ಬೀಳುವುದಿಲ್ಲ, ಹುಲ್ಲೂ ಉಳಿಯುವುದಿಲ್ಲ. ಗಿಡ ನೆಡಲೇಬೇಕಾ? ಶಾಲೆಯಂಗಳ ಇದೆ, ರಸ್ತೆಬದಿ ಇದೆ, ಹೊಲದ ಬದು ಇದೆ. ಅಲ್ಲಿ ಹೊಂಗೆ, ಬೇವು ನೆಡಿ, ನಾನೂ ಬರುತ್ತೇನೆ.

ನನಗೆ ಸಿಟ್ಟು ಬರೋದು ಸರ್ಕಾರಿ ಲೆಕ್ಕದ ಮೇಲೆ. ದೇಶದ ಬಂಜರು ಭೂಮಿಯನ್ನು ಗುರುತಿಸುವ ಸರ್ಕಾರಿ ನಕಾಶೆ ಪುಸ್ತಕ ವೇಸ್ಟ್‌ಲ್ಯಾಂಡ್ ಅಟ್ಲಾಸ್‌ನಲ್ಲಿ ಕುರುಚಲು ಭೂಮಿಯೂ ಬಂಜರಿನ ಪಟ್ಟಿಯಲ್ಲಿದೆ. ಬಂಜರು ಅಂದಮೇಲೆ ಯಾರಿಗೆ ಕೊಟ್ಟರೂ ಕೇಳುವವರಿಲ್ಲ. ಚಳ್ಳಕೆರೆಯಲ್ಲಿ ಅಮೃತಮಹಲ್ ದನಗಳ ಮೇವಿಗೆಂದು ಕಾದಿಟ್ಟ ಹುಲ್ಲುಗಾವಲಾದ ಕಾವಲಿನಲ್ಲಿ ಸಾವಿರಾರು ಎಕರೆ ದೊಡ್ಡ ದೊಡ್ಡ ಸಂಸ್ಥೆಗಳ ಪಾಲಾಯಿತು. ಹೆಸರಘಟ್ಟದ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿಗೆ ಸಿಕ್ಕಿದ್ದು 2024ರಲ್ಲಿ, ಅದೂ ವರ್ಷಗಟ್ಟಲೆ ಹೋರಾಡಿದ ಮೇಲೆ. ಚಿತ್ರದುರ್ಗ, ತುಮಕೂರು ಕಡೆ ಉಳಿದಿರುವ ಕಾವಲುಗಳಿಗೂ ಅಂಥದ್ದೇ ರಕ್ಷಣೆ ಸಿಗಬೇಕು. ಆದರೆ ಅಲ್ಲಿ ಕುರಿ, ದನ ಮೇಯಿಸಿಕೊಂಡು ಬಂದವರನ್ನು ಹೊರಗಟ್ಟಿ ಬೇಲಿ ಹಾಕಬಾರದು. ಇಷ್ಟು ಕಾಲ ಆ ಬಯಲು ಬಯಲಾಗಿ ಉಳಿದದ್ದರಲ್ಲಿ ಅವರ ಪಾಲೂ ಇದೆ.